ಸೊನ್ನೆಯಾದ ಚೇಳುಮೀನು

ಸೂಳೆಕೆರೆಯ ಮೇಲೆ ಬೆಳಕು ಈಗಷ್ಟೇ ಹರಡುತ್ತಿದೆ. ತೆಪ್ಪದಲ್ಲಿ ಕುಕ್ಕರುಗಾಲಲ್ಲಿ ಕುಳಿತ ಅಂತರಘಟ್ಟಮ್ಮ, ಹಗ್ಗಕ್ಕೆ ಕಟ್ಟಿದ ಕಪ್ಪುಬಿಳುಪಿನ ತಟ್ಟೆಯನ್ನು ನೀರಿಗೆ ಇಳಿಬಿಡುತ್ತಿದ್ದಾರೆ. ತಟ್ಟೆ ಕಣ್ಮರೆಯಾದ ಕಡೆ ಹಗ್ಗದ ಗಂಟು ಎಣಿಸಿದರೆ ನೀರು ಎಷ್ಟು ತಿಳಿಯಾಗಿದೆ ಎಂಬುದು ತಿಳಿಯುತ್ತದೆ.

“ಅಲುಗಾಡಿಸಬ್ಯಾಡ್ರಿ ಅಂದ್ನಲ್ಲ!”

“ನಾನಲ್ಲ ಕಣೆ, ಗಾಳಿ. ಅದನ್ನೂ ಬರ್ಕ ನಿನ್ನ ಬುಕ್ಕಿನಾಗೆ,” ಎನ್ನುತ್ತಾರೆ ಹುಟ್ಟು ಹಿಡಿದ ಗಂಡ ಕೆಂಚೇಶ್.

ಕೆರೆಬಿಳಚಿ ಕಡೆಯ ಈ ಮೀನುಗಾರ ಹೆಂಗಸಿಗೆ ಐವತ್ನಾಲ್ಕು ವರ್ಷ, ಓದಿದ್ದು ಏಳನೇ ಕ್ಲಾಸು. ಏಳು ವರ್ಷದ ಹಿಂದೆ ಮೂರು ವಿಶ್ವವಿದ್ಯಾಲಯಗಳು ಒಟ್ಟುಗೂಡಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕೆರೆಗಳು ಮತ್ತು ಅವುಗಳ ಜೀವಿಗಳ ಸಂಶೋಧನೆಗೆ ಅನುದಾನ ತಂದವು. ವಿಜ್ಞಾನಿಗಳು ವರ್ಷಕ್ಕೊಮ್ಮೆ ಜೀಪಿನಲ್ಲಿ ಬರುತ್ತಾರೆ. ಉಳಿದ ದಿನವೆಲ್ಲ ಕೆರೆಗೆ ಇಳಿಯುವುದು ಕಾಗದದಲ್ಲಿ ಬರೀ ‘ಸ್ಥಳೀಯ ಸಹಾಯಕಿ’ ಆಗಿರುವ ಈಕೆ. ತಿಂಗಳಿಗೆ ಹನ್ನೆರಡು ಕೆರೆ, ಕೆರೆಗೆ ಆರು ಬಾಟಲಿ ನೀರು, ಒಂದು ಬಲೆ ಮೀನಿನ ಎಣಿಕೆ. ಎಣಿಸಿದ ಮೀನು ಮತ್ತೆ ನೀರಿಗೇ. ಎರಡು ಬಸ್ಸು ಬದಲಾಯಿಸಿ, ಐಸ್ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಬರದ ಸೀಮೆಯ ಜಗಳೂರಿಗೂ ಹೋಗಿಬರುತ್ತಾರೆ.

“ಏನಮ್ಮೋ, ಜಗಳೂರಿಗೆ ನೀರು ಹೊತ್ಕಂಡು ಹೊಂಟೀಯಾ?” ಎಂದು ಕಂಡಕ್ಟರು ಕೆಣಕಿದ್ದುಂಟು. “ಅಲ್ಲಿಂದ ತರಾಕೆ ಹೊಂಟೀನಿ ಕಣಪ್ಪ. ಅವರತ್ರ ಇರೋದೇ ಸ್ವಲ್ಪ, ಅದನ್ನೂ ಬಿಡಾಕಿಲ್ಲ ನಾನು,” ಎಂದು ಇವರು ಬಸ್ಸನ್ನೇ ನಗಿಸಿದ್ದಾರೆ.

ಆ ನಗು ಈಗ ಇಲ್ಲ. ಕಳೆದ ತಿಂಗಳು ಯೋಜನೆಯ ವರದಿ ಬಂತು. ತಂಡದ ಕಿರಿಯ ಸಂಶೋಧಕ ವಿನಯ್ ಕುಮಾರ್ ಅದನ್ನು ತಂದು ದಡದ ಮೇಲೆ ಕೂತು ಓದಿ ಹೇಳಿದರು: ‘ಚೇಳುಮೀನು, ಏಳು ವರ್ಷವೂ ಸೊನ್ನೆ. ಸೂಳೆಕೆರೆಯಲ್ಲಿ ಈ ಜಾತಿ ಉಳಿದಿಲ್ಲ.’ ಎರಡನೇ ಹಂತದ ಅನುದಾನ ಚೇಳುಮೀನು ಉಳಿದಿರುವ ಕೆರೆಗಳಿಗೆ ಮಾತ್ರ. ಸೂಳೆಕೆರೆ ಪಟ್ಟಿಯಿಂದ ಹೊರಗೆ. ಈ ತಿಂಗಳ ಮೂವತ್ತಕ್ಕೆ ಇಲ್ಲಿಯ ಕೆಲಸ ಮುಗಿಯುತ್ತದೆ.

ಸೊನ್ನೆ ಎಲ್ಲಿಂದ ಬಂತು? ಚೇಳಿನ ಹಾಗೆ ಕುಟುಕುವ ಈ ಕರಿ ಮೀನು ವರ್ಷವೆಲ್ಲ ಕೆಸರಿನಲ್ಲಿ ಅಡಗಿರುತ್ತದೆ. ಬಲೆಗೆ ಸಿಕ್ಕುವುದು ಮುಂಗಾರಿನಲ್ಲಿ, ಮೊಟ್ಟೆ ತುಂಬಿ ದಂಡೆಗೆ ಬಂದಾಗ. ಬಸುರಿಯನ್ನು ಎಣಿಸಬಾರದು, ಆ ಹೊತ್ತಿನಲ್ಲಿ ಅದರ ಗಂಡನ್ನೂ ಎಣಿಸಬಾರದು, ಕೊಲ್ಲುವುದಂತೂ ಇಲ್ಲವೇ ಇಲ್ಲ. ಇದು ಅಂತರಘಟ್ಟಮ್ಮನಿಗೆ ಅತ್ತೆ ಕಸ್ತೂರಮ್ಮ ಹಾಕಿಕೊಟ್ಟ ಕಟ್ಟಳೆ. ಅದಕ್ಕೇ ಬುಕ್ಕಿನ ಫಾರಂನಲ್ಲಿ ‘ಎಷ್ಟು’ ಎಂದಿರುವ ಕಡೆ ಪ್ರತಿ ಮಳೆಗಾಲವೂ ದುಂಡಗೆ ಬರೆದಿದ್ದಾರೆ: ‘ಬಸುರಿ. ಬಿಟ್ಟೆ.’

“ಅಂಕಿ ಇಲ್ಲದಿದ್ರೆ ಕಂಪ್ಯೂಟರ್ ಸೊನ್ನೆ ಅಂತ ತಗೊಳ್ಳುತ್ತಮ್ಮಾ,” ಎಂದರು ವಿನಯ್ ಕುಮಾರ್, ತಲೆ ತಗ್ಗಿಸಿ.

“ಅದು ತಗಂಡ್ರೆ ತಗಳ್ಳಿ, ಅದಕ್ಕೇನು ಹೆತ್ತವ್ವ ಇದ್ದಾಳಾ? ಓದ್ದೋರು ಏಳು ಮಂದಿ ಸೈನು ಹಾಕೀರಲ್ಲ, ಒಬ್ರಾದ್ರೂ ನನ್ನ ಬುಕ್ಕು ತೆಗೆದು ನೋಡಿದ್ರಾ? ಇಲ್ದೇ ಇರೋದು ಬಸುರಿ ಹೆಂಗಾಗುತ್ತೆ ಸಾರ್?”

ಈ ಪ್ರಶ್ನೆಗೆ ಯೋಜನೆಯ ಕಚೇರಿಯಿಂದ ಬಂದದ್ದು ಒಂದು ಗಾಜಿನ ಬಾಟಲಿ, ಸತ್ತ ಮೀನು ಕೆಡದಂತೆ ಇಡುವ ಔಷಧಿ ಅರ್ಧ ತುಂಬಿದ್ದು. ಫೋಟೋ ನಡೆಯುವುದಿಲ್ಲವಂತೆ. ಮೂವತ್ತರೊಳಗೆ ಒಂದು ಚೇಳುಮೀನನ್ನು ಕೊಂದು ಅದರಲ್ಲಿಟ್ಟು ಕಳಿಸಿದರೆ ವರದಿ ತಿದ್ದುತ್ತಾರಂತೆ. ಏಳು ವರ್ಷದ ಕೈಬರಹವನ್ನು ನಂಬದವರು ಒಂದು ಹೆಣವನ್ನು ನಂಬುತ್ತಾರೆ! ತಪ್ಪು ಮಾಡಿದ್ದು ಅವರ ಮೇಜು. ಸಾಕ್ಷಿ ಒದಗಿಸಬೇಕಾದದ್ದು ಈಕೆ, ಅದೂ ಅತ್ತೆಯ ಮಾತು ಮುರಿದು.

ತೆಪ್ಪ ದಂಡೆಯ ಜಂಬುಹುಲ್ಲಿನ ಹತ್ತಿರ ಬಂದಿದೆ. ಬಲೆ ಎತ್ತಿದರೆ ಸಣ್ಣ ಮೀನಿನ ನಡುವೆ ಗೇಣುದ್ದದ ಕರಿ ಮೈ, ಉದ್ದ ಮೀಸೆ, ಉಬ್ಬಿದ ಹೊಟ್ಟೆ. ಕೆಂಚೇಶ್ ಬಾಟಲಿಯನ್ನು ಕಾಲಿನಿಂದ ಹೆಂಡತಿಯ ಕಡೆ ಸರಿಸುತ್ತಾರೆ.

“ಒಂದೇ ಒಂದು ಕಣೆ. ಕೆರೆ ಹೆಸರು ಉಳೀತೈತೆ.”

“ನಿಮ್ಮವ್ವ ಬಂದು ಕೇಳಿದ್ರೆ ನೀವು ಉತ್ರ ಹೇಳ್ತೀರಾ?”

ಕೆಂಚೇಶ್ ಬಾಟಲಿಯನ್ನು ವಾಪಸು ಎಳೆದುಕೊಳ್ಳುತ್ತಾರೆ. ಅಂತರಘಟ್ಟಮ್ಮ ಕೈಗೆ ಬಟ್ಟೆ ಸುತ್ತಿ ಮೀನನ್ನು ಬಿಡಿಸುತ್ತಾರೆ. ಅದು ಬಟ್ಟೆಯನ್ನೂ ದಾಟಿ ಹೆಬ್ಬೆರಳಿಗೆ ಕುಟುಕುತ್ತದೆ. “ಹಾಳಾದ್ದೆ, ನಿನ್ನ ಪರವಾಗೇ ಜಗಳಾಡಾಕೆ ಹತ್ತೀನಲ್ಲೇ!” ಬೈಯುತ್ತಲೇ ನೀರಿಗೆ ಬಿಟ್ಟು, ಬೆರಳು ಬಾಯಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಫಾರಂ ಬಿಡಿಸುತ್ತಾರೆ. ಅದೇ ಎರಡು ಮಾತು ಬರೆಯುತ್ತಾರೆ, ಈ ಸಲ ಒತ್ತಿ.

ಮೂವತ್ತಕ್ಕೆ ಇನ್ನು ಹನ್ನೊಂದು ದಿನ. ಏನು ಬೇಕು ಎಂದರೆ ಅವರು ಕೆಲಸ ಕೇಳುವುದಿಲ್ಲ, ವರದಿಯಲ್ಲಿ ಹೆಸರನ್ನೂ ಕೇಳುವುದಿಲ್ಲ. ಫಾರಂನ ಚೌಕದ ಮನೆಗಳ ಮೇಲೆ ಊದಿದ ಬೆರಳಿಟ್ಟು ತೋರಿಸುತ್ತಾರೆ.

“ಇಷ್ಟೊಂದು ಮನೆ ಗೀಚ್ಯಾರಲ್ಲ, ಇನ್ನೊಂದು ಗೀಚಾಕೆ ಹೇಳ್ರಿ ಸಾಕು. ಬಸುರೀಗೆ ಅಂತ ಒಂದು ಮನೆ.”