ಬುಡವಿಲ್ಲದ ಹಲ್ಲು

ಇವತ್ತು ಬೆಳಿಗ್ಗೆ ದೇವರ ಗೂಡು ಒರೆಸುವಾಗ ಹಳೆಯ ಕುಂಕುಮದ ಭರಣಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ಕುಂಕುಮವಿಲ್ಲ, ಅಕ್ಕಿಕಾಳಿನಷ್ಟು ಹಲ್ಲು. ನಗಬೇಡಿ, ಅದಕ್ಕೊಂದು ಕಥೆಯಿದೆ.

ಮಗಳು ಅನಘಾಗೆ ಆಗ ಆರು ವರ್ಷ. ಮಯೂರ್ ವಿಹಾರ್‌ನ ಇದೇ ಮನೆಯಲ್ಲಿ ಕೋಡುಬಳೆ ಕಡಿಯುತ್ತ ಕೆಳಗಿನ ಮುಂಹಲ್ಲನ್ನು ಅಂಗೈಗೆ ಉದುರಿಸಿಕೊಂಡಳು. ಬಿದ್ದ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುತ್ತೇವಲ್ಲ, ಹೊಸದು ಚೆನ್ನಾಗಿ ಬರಲೆಂದು. ಸಗಣಿಗೇನೋ ಗೇಟಿನ ಬಳಿಯೇ ಹಸುವಿತ್ತು. ಆದರೆ ಎರಡನೇ ಮಹಡಿಯಲ್ಲಿರುವವರಿಗೆ ಸೂರೆಂದರೆ ಮೇಲಿನ ಮನೆಯವರ ನೆಲ; ತಾರಸಿಗೆ ಸೊಸೈಟಿಯವರ ಬೀಗ. ಅದಕ್ಕಿಂತ ದೊಡ್ಡ ಗಾಬರಿಯೆಂದರೆ ಹಲ್ಲಿಗೆ ಬುಡವೇ ಇರಲಿಲ್ಲ. ನಾನೋ ಆಗಷ್ಟೇ ದವಡೆಹಲ್ಲು ಕೀಳಿಸಿಕೊಂಡು, ಅದರ ಉದ್ದುದ್ದ ಬೇರುಗಳನ್ನು ಕಣ್ಣಾರೆ ಕಂಡು ತಜ್ಞೆಯಾಗಿದ್ದೆ. ಹಲ್ಲು ಮುರಿದಿದೆ, ಬೇರು ಒಸಡಿನಲ್ಲೇ ಉಳಿದಿದೆ, ಅರ್ಧ ಹಲ್ಲನ್ನು ಎಸೆದರೆ ಹೊಸದು ಸೊಟ್ಟಗೆ ಬರುತ್ತದೆ ಎಂದು ತೀರ್ಪು ಕೊಟ್ಟೆ. ಮಿಕ್ಕರ್ಧ ಬರುವ ತನಕ ಇರಲೆಂದು ಭರಣಿಗೆ ಹಾಕಿ, ಅವಳನ್ನು ದಂತವೈದ್ಯೆಯ ಬಳಿಗೆ ಎಳೆದೊಯ್ದೆ.

ಆಕೆ ಬಾಯಿ ನೋಡಿ ನಕ್ಕರು. ಏನೂ ಮುರಿದಿಲ್ಲವಂತೆ. ಅಡಿಯಿಂದ ಹೊಸ ಹಲ್ಲು ಏಳುತ್ತ ಬಂದಂತೆ ಹಳೆಯದರ ಬೇರು ತಾನಾಗಿ ಕರಗಿ, ಹಿಡಿತ ಸಡಿಲಿಸಿ ಕಳಚಿಕೊಳ್ಳುತ್ತದೆ. ಕರಗದೆ ಪಟ್ಟು ಹಿಡಿದರೇ ತೊಂದರೆ, ಹೊಸದು ಜಾಗವಿಲ್ಲದೆ ಹಿಂದಿನಿಂದ ಮೂಡುತ್ತದೆ ಎಂದರು.

ಕುರ್ಚಿಯಲ್ಲಿ ಒರಗಿದ್ದ ಅನಘಾ ನನ್ನ ಕಡೆ ತಿರುಗಿದಳು. “ಅಮ್ಮಾ, ಕರಗುವಾಗ ಹಳೇ ಹಲ್ಲಿಗೆ ದರ್ದ್ ಆಗಲ್ವಾ?”

“ಇಲ್ಲ ಪುಟ್ಟಿ, ನೋವಾಗಲ್ಲ,” ಎಂದೆ, ತಜ್ಞೆಯ ಗತ್ತಿನಲ್ಲೇ. ಹಲ್ಲು ಭರಣಿಯಲ್ಲೇ ಮರೆತುಹೋಯಿತು.

ಈಗ ಅವಳಿಗೆ ಗ್ರೇಟರ್ ನೋಯ್ಡಾದಲ್ಲಿ ಕೆಲಸ. ಓಡಾಟ ಸಾಕಾಗಿ ಅಲ್ಲೇ ಮನೆ ಹಿಡಿದಿದ್ದಾಳೆ, ಹೊರಡುವುದು ಇವತ್ತೇ; ಹೊಸ ಮನೆಗೆಂದು ಪೆಟ್ಟಿಗೆ, ಕುಕ್ಕರ್ ಎಲ್ಲ ಬಾಗಿಲ ಬಳಿ ಸಿದ್ಧ. ಒಂದೇ ಊರಿನ ಆ ತುದಿ ಈ ತುದಿ ಇದ್ದ ಹಾಗೆ, ದಿನಾ ಹೋಗಿಬರುವುದಕ್ಕೇನು ಕಷ್ಟ ಎಂದು ಇಡೀ ವಾರ ಅವಳ ತಲೆ ತಿಂದಿದ್ದೆ. ಬೆಳಿಗ್ಗೆಯ ಕಾಫಿಗೂ ಅದೇ ರಾಗ. ಭರಣಿ ಹಿಡಿದು ನಿಂತಾಗ ವೈದ್ಯೆಯ ಮಾತು ನೆನಪಾಯಿತು. ಪಟ್ಟು ಹಿಡಿದಿದ್ದ ಹಲ್ಲು ಯಾವುದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅವಳನ್ನು ಬಾಲ್ಕನಿಗೆ ಕರೆದು ಹಲ್ಲನ್ನು ಅಂಗೈಯಲ್ಲಿಟ್ಟೆ. ಕೆಳಗೆ ಕಾರುಗಳ ಮೇಲೆ ತಗಡಿನ ಶೆಡ್ಡು. ಸೂರು ಯಾವುದಾದರೇನು, ಸೂರೇ. ನಗುತ್ತಲೇ ಎಸೆದಳು. ತಗಡು ಟಿಣ್ ಎಂದಿತು.

ಆಮೇಲೆ ನನ್ನ ಮುಖ ನೋಡಿ, “ದರ್ದ್ ಆಗ್ತಿದ್ಯಾ ಅಮ್ಮ?” ಎಂದಳು.

“ಆಗುತ್ತೆ ಪುಟ್ಟಿ. ಅವತ್ತು ಗೊತ್ತಿಲ್ದೆ ಇಲ್ಲ ಅಂದ್ಬಿಟ್ಟೆ,” ಎಂದೆ. “ಚಲೋ, ಕುಕ್ಕರ್ ಎತ್ಕೋ. ಕ್ಯಾಬ್ ಬಂತು.”