ಎಡಗಡೆಯ ಹೂವು

ದೇವರು ಹೂ ಕೊಟ್ಟಿತು, ಹಲ್ಲಿ ನುಡಿಯಿತು ಎಂದರೆ ಮೊದಲು ನಗುತ್ತಿದ್ದವಳು ನಾನು. ಈಗಲೂ ಹೆಚ್ಚೇನೂ ಬದಲಾಗಿಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರ ನೆನಪಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೇನ್‌ಫ್ರೇಮ್ ನೋಡಿಕೊಳ್ಳುವುದು ನನ್ನ ಕೆಲಸ. ನೀವು ಎಟಿಎಂನಲ್ಲಿ ದುಡ್ಡು ತೆಗೆದಾಗ, ವಿಮಾನದ ಟಿಕೆಟ್ಟು ಕೊಂಡಾಗ ಮೆರೆಯುವುದು ಕೈಯಲ್ಲಿರುವ ಮೊಬೈಲು. ಅಸಲಿ ಕೆಲಸ ಮಾಡುವುದು ಎಲ್ಲೋ ತಣ್ಣನೆಯ ಕೋಣೆಯಲ್ಲಿ ಬೀರುವಿನ ಹಾಗೆ ನಿಂತಿರುವ ದೊಡ್ಡ ಕಂಪ್ಯೂಟರು. ನಾನಿರುವ ವಿಮಾ ಸಂಸ್ಥೆಯಲ್ಲಿ ಸಾವಿರಾರು ವೃದ್ಧರಿಗೆ ತಿಂಗಳ ಪಿಂಚಣಿ ಕಳಿಸುತ್ತಿದ್ದುದೂ ಅಂಥದ್ದೇ ಒಂದು, ಅದರಲ್ಲಿದ್ದ ಪ್ರೋಗ್ರಾಮುಗಳು ನನಗಿಂತ ಹಿರಿಯವು.

ಆ ಭಾನುವಾರ ಅದನ್ನು ನಿಲ್ಲಿಸಿ ಹೊಸ ವ್ಯವಸ್ಥೆಗೆ ಹೋಗಬೇಕಿತ್ತು. ಸೋಮವಾರ ಪಿಂಚಣಿ. "ಶುರು ಮಾಡಿ" ಎನ್ನಬೇಕಾದವಳು ನಾನು. ಏನಾದರೂ ಎಡವಟ್ಟಾದರೆ ಎಷ್ಟೋ ಮುದುಕರ ಔಷಧಿ, ಹಾಲು ನಿಲ್ಲುತ್ತದಲ್ಲ ಎಂಬ ಹೆದರಿಕೆಯಲ್ಲಿ ನನಗೆ ಅನ್ನವೇ ಸೇರುತ್ತಿರಲಿಲ್ಲ.

ನಾಗಮಂಗಲದ ಕಡೆಯ ತವರೂರಿನಲ್ಲಿ ಲ್ಯಾಪ್‌ಟಾಪು ಹಿಡಿದು ಕೂತಿದ್ದ ನನ್ನನ್ನು ಅವ್ವ ನೋಡಿದಳು. "ಅದ್ಯಾಕ್ ಮಗಾ ಇಂಗ್ ಕುಂತಿದ್ದೀಯ? ನಡಿ, ಅಮ್ಮನ್ನ ಒಂದ್ ಮಾತು ಕೇಳ್ಬುಡುವ."

ಊರಮ್ಮನ ಗುಡಿಗೆ ಅವ್ವನ ತಮ್ಮನೇ ಪೂಜಾರಿ. ಅಮ್ಮನ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂ ಇಟ್ಟು ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಗರ್ಭಗುಡಿಯ ಮಬ್ಬಿನಲ್ಲಿ ನಮಗೆ ಬೆನ್ನು ಮಾಡಿ ಮಾವ ಹೂ ಇಟ್ಟ. ಈಯಮ್ಮನೂ ಕಂಪ್ಯೂಟರಿನ ಹಾಗೆ ಹೌದು, ಇಲ್ಲ ಎರಡೇ ಬಲ್ಲವಳು ಎಂದು ಒಳಗೇ ನಗುತ್ತಾ, "ಹಳೇ ಮಿಷನ್ನು ಇವತ್ತು ನಿಲ್ಲಿಸಲೇನಮ್ಮಾ?" ಎಂದು ಕೇಳಿದೆ.

ಎಡಗಡೆಯಿಂದ ಬಿಳಿ ಕಣಗಿಲೆಯೊಂದು ಟಪ್ಪನೆ ಬಿತ್ತು. ಬಲಗಡೆಯದು ಇದ್ದಲ್ಲೇ ಇತ್ತು.

"ಎಡಕ್ ಕೊಟ್ಬುಟ್ಳಲ್ಲಪ್ಪ!" ಎಂದಳು ಅವ್ವ. ಮಾವ ಪಿಳಿಪಿಳಿ ನೋಡುತ್ತಾ ನಿಂತ, ಮಂಗಳಾರತಿ ಕೊಡುವುದನ್ನೂ ಮರೆತ.

ಹೊರಗೆ ಬರುವಷ್ಟರಲ್ಲಿ ಜೊತೆಯಲ್ಲಿ ಕೆಲಸ ಮಾಡುವ ಇಮ್ರಾನನ ಫೋನು. "ಮೇಡಂ, ಟೆಸ್ಟೆಲ್ಲಾ ಪಾಸು. ಶುರು ಮಾಡೋದಾ?" ಹೂ ಎಡಕ್ಕೆ ಬಿತ್ತು ಎಂದು ಆಫೀಸಿನಲ್ಲಿ ಹೇಳುವುದುಂಟೆ? ಆದರೂ ಬಾಯಿಗೆ "ಸರಿ" ಬರಲಿಲ್ಲ. "ಹಳೇದರಲ್ಲಿ ಇರೋರೆಲ್ಲ ಹೊಸದರಲ್ಲಿ ಇದ್ದಾರಾ, ಇನ್ನೊಂದ್ಸಲ ತಾಳೆ ಹಾಕಿ" ಎಂದೆ. ಅವನು ಗೊಣಗಿಕೊಂಡೇ ಹಾಕಿದ.

ಮಧ್ಯಾಹ್ನ ಮತ್ತೆ ಫೋನು ಬಂತು. ಈ ಸಲ ಅವನ ದನಿಯೇ ಬೇರೆಯಾಗಿತ್ತು. "ಯಾ ಅಲ್ಲಾ, ಒಂದು ಗುಂಪು ಮುದುಕರೇ ಇಲ್ಲ ಮೇಡಂ!" ಹುಟ್ಟಿದ ತಾರೀಕು ಗೊತ್ತಿಲ್ಲದವರಿಗೆ ಹಳೆಯ ಕಾಲದವರು ಬರೀ ಸೊನ್ನೆ ಹಾಕಿ ಕೂರಿಸಿದ್ದರು. ಹೊಸ ವ್ಯವಸ್ಥೆ ಅವರನ್ನು ಇನ್ನೂ ಹುಟ್ಟೇ ಇಲ್ಲವೆಂದು ಸದ್ದಿಲ್ಲದೆ ಆಚೆ ತಳ್ಳಿತ್ತು! ಪರೀಕ್ಷೆಗೆ ನಾವು ಆರಿಸಿಕೊಂಡಿದ್ದ ಹೆಸರುಗಳಲ್ಲಿ ಅಂಥವರು ಒಬ್ಬರೂ ಇರಲಿಲ್ಲ.

ಬದಲಾವಣೆ ಮುಂದಕ್ಕೆ ಹೋಯಿತು. ಸೋಮವಾರದ ಪಿಂಚಣಿಯನ್ನು ಹಳೆಯ ಯಂತ್ರವೇ ಎಲ್ಲರಿಗೂ ತಪ್ಪದೆ ಕಳಿಸಿತು. ನಾನು ಎರಡು ಮುದ್ದೆ ಉಂಡೆ. ವಿಷಯ ಕೇಳಿ ಅವ್ವ, "ನಾನೂವೆ ಉಚ್ಚೆಳ್ಳು ಹೂ ಬುಟ್ಟಿದ್ದಾಗ ಉಟ್ಟಿದ್ದು ಅಂತಿದ್ರು ಕಣ್ಮಗಾ. ತಾರೀಕು ಯಾವನಿಗ್ ಗೊತ್ತು?" ಎಂದು ನಕ್ಕಳು.

ಇಷ್ಟೇ ಆಗಿದ್ದರೆ ಕಾಕತಾಳೀಯ ಎಂದು ಸುಮ್ಮನಾಗುತ್ತಿದ್ದೆ. ಒದ್ದೆ ಹೂವು, ಯಾವುದಾದರೂ ಒಂದು ಕಡೆ ಬೀಳಲೇಬೇಕು. ಆದರೆ ಆ ಭಾನುವಾರ ಸಂಜೆಯೇ ಮಾವ ಜಗುಲಿಗೆ ಬಂದು ದನಿ ತಗ್ಗಿಸಿದ.

"ನಿಮ್ಮವ್ವಂಗ್ ಯೋಳ್ಬ್ಯಾಡ ಕಣವ್ವ. ನೀನು ಮೊದ್ಲೇ ಎದ್ರುಕೊಂಡಿದ್ದೆ. ಇನ್ನ ಎಡಕ್ ಬಿದ್ಬುಟ್ರೆ ಏನ್ ಗತಿ ಅಂತ ನಾನು ಎಡಗಡೀಕೆ ಹೂವೇ ಮಡಗಿರ್ನಿಲ್ಲ."

ಹಿಂದಿನ ದಿನದ್ದು ಉಳಿದಿರಬೇಕು ಎಂದೆ. ಬೆಳಿಗ್ಗೆ ತಾನೇ ಅಮ್ಮನ ಮೈ ತೊಳೆದು ಸೀರೆ ಉಡಿಸಿದ್ದೆನೆಂದ. ಕಣಗಿಲೆ ಎಲ್ಲಿಂದ ತಂದಿದ್ದೆ ಎಂದು ಕೇಳಿದೆ.

"ನಾನ್ ತಂದಿದ್ದು ಚೆಂಡ್ ಹೂವ" ಎಂದ ಮಾವ.