ಏಟಿಗೆ ಮೊದಲೇ ಬಂದ ಅಲೆ

ಕಲ್ಲಂಗಡಿ ಕೊಳ್ಳುವಾಗ ಬೆರಳು ಮಡಚಿ ತಟ್ಟಿ ನೋಡುವವರನ್ನು ಕಂಡಿದ್ದೀರಿ. ನಾನು ಹೇಳಹೊರಟ ಹೆಂಗಸು ತಟ್ಟಿ ನೋಡುತ್ತಿದ್ದದ್ದು ನೆಲವನ್ನು. ಕಟ್ಟಡ ಏಳುವ ಮೊದಲು ಅಡಿಯಲ್ಲಿ ಬಂಡೆಯಿದೆಯೋ ಬೂದಿಯಿದೆಯೋ ಎಂದು ಅಗೆಯದೆ ಹೇಳುವುದು ಅವಳ ಕೆಲಸ. ಅದಕ್ಕೇ ವ್ಯಾನಿನ ಡ್ರೈವರನಿಂದ ಹಿಡಿದು ಕಂಟ್ರಾಕ್ಟರರ ತನಕ ಎಲ್ಲರ ಬಾಯಲ್ಲೂ ಅವಳು ಡಾಕ್ಟರಮ್ಮ.

ಸಲಕರಣೆ ದೊಡ್ಡದೇನಲ್ಲ. ನೆಲಕ್ಕೆ ಉದ್ದ ಸಾಲಾಗಿ ನಡುಕ ಹಿಡಿಯುವ ಸೆನ್ಸರುಗಳನ್ನು ಚುಚ್ಚಬೇಕು. ಸಾಲಿನ ತುದಿಯಲ್ಲಿ ಉಕ್ಕಿನ ತಟ್ಟೆ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯಬೇಕು. ಏಟು ಅಲೆಯಾಗಿ ಮಣ್ಣಿನಲ್ಲಿ ಹರಿಯುತ್ತದೆ. ಗಟ್ಟಿ ನೆಲದಲ್ಲಿ ಓಡುತ್ತದೆ, ಸಡಿಲ ನೆಲದಲ್ಲಿ ಕಾಲೆಳೆಯುತ್ತದೆ. ಯಾವ ಸೆನ್ಸರಿಗೆ ಯಾವಾಗ ಮುಟ್ಟಿತು ಎನ್ನುವುದು ಒಂದು ಪೆಟ್ಟಿಗೆಯ ಪರದೆಯ ಮೇಲೆ ಗೆರೆಗಳಾಗಿ ಮೂಡುತ್ತದೆ. ಆ ಗೆರೆ ಓದುವುದರಲ್ಲಿ ಡಾಕ್ಟರಮ್ಮ ಪಳಗಿದ ಕೈ. ಮೊದಲು ಇದೇ ಕಂಪನಿಯಲ್ಲಿ ಕೇಬಲ್ ಸುತ್ತುತ್ತಿದ್ದವಳು, ಸಂಜೆ ಕಾಲೇಜು ಓದಿ, ಪೆಟ್ಟಿಗೆಯ ಮುಂದೆ ಕೂತು, ಕೊನೆಗೆ ತಂಡವನ್ನೇ ನಡೆಸುವಂತಾದವಳು.

ಸುತ್ತಿಗೆ ಹಿಡಿಯುವವನು ಅವಳ ಭಾವ, ಅಂದರೆ ಅಕ್ಕನ ಗಂಡ. ಪಾತ್ರೆ ಕಾರ್ಖಾನೆಯಲ್ಲಿ ತಗಡು ಬಡಿಯುತ್ತಿದ್ದ; ಅದು ಮುಚ್ಚಿದ ಮೇಲೆ ಇವಳೇ ಕರೆತಂದಳು. ಬಡಿತದ ಲೆಕ್ಕ ಅವನ ಮೈಯಲ್ಲೇ ಕೂತಿತ್ತು. ಒಂದು ಏಟಿಗೂ ಮುಂದಿನ ಏಟಿಗೂ ನಡುವಿನ ಬಿಡುವು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ಊರೆಂದರೆ ಗದ್ದಲ. ಬಸ್ಸು ಹೋದರೂ ನೆಲ ನಡುಗುತ್ತದೆ, ಯಾರೋ ಬಾಗಿಲು ಬಡಿದರೂ ನಡುಗುತ್ತದೆ. ಆದ್ದರಿಂದ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೊಡೆಸಿ, ಬಂದ ಗೆರೆಗಳನ್ನೆಲ್ಲ ಒಂದರ ಮೇಲೊಂದು ಕೂಡಿಸುತ್ತಾರೆ. ಏಟಿನ ಅಲೆ ಪ್ರತಿ ಸಲವೂ ಅದೇ ಹೊತ್ತಿಗೆ ಬರುವುದರಿಂದ ಕೂಡಿ ಕೂಡಿ ದಪ್ಪವಾಗುತ್ತದೆ. ಗದ್ದಲಕ್ಕೆ ಹೊತ್ತುಗೊತ್ತಿಲ್ಲ, ಒಮ್ಮೆ ಮೇಲೇರಿ, ಒಮ್ಮೆ ಕೆಳಗಿಳಿದು, ತನ್ನಲ್ಲೇ ಬಡಿದಾಡಿ ಸತ್ತುಹೋಗುತ್ತದೆ.

ಇಷ್ಟು ತಿಳಿದರೆ ಮುಂದಿನದು ಸುಲಭ.

ಅಕ್ಕತಂಗಿಯರ ತಾಯಿಗೆ ಸ್ವಂತ ಸೂರಿರಲಿಲ್ಲ. ಒಂದಷ್ಟು ದಿನ ದೊಡ್ಡವಳ ಮನೆ, ಒಂದಷ್ಟು ದಿನ ಚಿಕ್ಕವಳ ಮನೆ. ಎರಡೂ ಕಡೆ ಮುದುಕಿಯ ಸೀರೆಗಳು ಬ್ಯಾಗಿನಿಂದ ಹೊರಗೆ ಬಂದದ್ದೇ ಇಲ್ಲ. "ಬೀರುವಿನಲ್ಲಿಡಮ್ಮ" ಎಂದರೆ "ಆಮೇಲೆ ಮತ್ತೆ ತೆಗೀಬೇಕಲ್ಲ" ಎನ್ನುತ್ತಿದ್ದಳು. ಇದನ್ನು ನೋಡಿ ನೋಡಿ ಸಾಕಾಗಿ, ಅಕ್ಕ ಒಂದು ಮುದ್ರಣಾಲಯದ ಪಕ್ಕದ ಖಾಲಿ ಸೈಟು ಹುಡುಕಿದಳು. ಕೆಳಗೆ ಅಮ್ಮ, ನಡುವೆ ಅಕ್ಕನ ಸಂಸಾರ, ಮೇಲೆ ತಂಗಿಯ ಸಂಸಾರ. ಮೂರಂತಸ್ತು ಏಳಿಸಿದರೆ ಬ್ಯಾಗಿಗೆ ಬಿಡುಗಡೆ. ಸೈಟು ಮುದ್ರಣಾಲಯದ ಯಜಮಾನರದೇ. ಇನ್ನೊಬ್ಬರೂ ಕೇಳುತ್ತಿದ್ದಾರೆ, ಭಾನುವಾರ ಸಂಜೆಯೊಳಗೆ ಮಾತು ಕೊಡಿ ಎಂದಿದ್ದರು.

ಭಾನುವಾರ ಮಧ್ಯಾಹ್ನ ವ್ಯಾನು ಬಂತು. ಅಮ್ಮ ಗೋಡೆಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಗೋಡೆಯಾಚೆ ಅಚ್ಚಿನ ಯಂತ್ರ ಧಡಕ್ ಧಡಕ್ ಎನ್ನುತ್ತಿತ್ತು.

"ಅರ್ಜೆಂಟ್ ಆರ್ಡರಮ್ಮ, ನಿಲ್ಲಿಸೋಕಾಗಲ್ಲ" ಎಂದರು ಯಜಮಾನರು.

"ನಿಲ್ಲಿಸೋದೇನೂ ಬೇಡ ಬಿಡಿ. ಇದಕ್ಕಿಂತ ದೊಡ್ಡ ಗಲಾಟೇಲಿ ಕೆಲಸ ಮಾಡಿದೀನಿ" ಎಂದಳು ಡಾಕ್ಟರಮ್ಮ.

ಗೋಡೆಯ ಉದ್ದಕ್ಕೂ ಸೆನ್ಸರುಗಳು ಕೂತವು. ಭಾವ ಹೊಡೆದ. ಗೆರೆಗಳು ಕೂಡುತ್ತ ಹೋದವು. ನೋಡಿದರೆ, ಅಲೆ ಸಾಲಿನ ಈ ತುದಿಗೂ ಆ ತುದಿಗೂ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟಿದೆ. ಅಷ್ಟು ವೇಗವಾಗಿ ಓಡಬೇಕಾದರೆ ಅಡಿಯಲ್ಲಿ ಬಂಡೆಯೇ ಇರಬೇಕು.

"ಏನಂತೆ ಕಣೇ?" ಅಕ್ಕನಿಗೆ ತಡೆಯಲಾಗಲಿಲ್ಲ.

"ಬಂಡೆ ಅನ್ನೋ ಹಾಗಿದೆ."

"ಅಷ್ಟೇ ಸಾಕು" ಎಂದವಳೇ ಅಕ್ಕ ಸೆರಗು ಸಿಕ್ಕಿಸಿಕೊಂಡು ಯಜಮಾನರ ಬಾಗಿಲಿಗೆ ಹೊರಟುಬಿಟ್ಟಳು. ಅಮ್ಮ ಆಗಲೇ ಅಡುಗೆಮನೆ ಯಾವ ಮೂಲೆಗೆ ಎಂದು ಕತ್ತು ತಿರುಗಿಸಿ ನೋಡುತ್ತಿದ್ದಳು.

ಪೆಟ್ಟಿಗೆ ಮುಚ್ಚುವ ಮೊದಲು ಗೆರೆಯ ಎಡತುದಿಯನ್ನು ಒಮ್ಮೆ ನೋಡುವುದು ಡಾಕ್ಟರಮ್ಮನ ಅಭ್ಯಾಸ. ಅದು ಏಟು ಬೀಳುವುದಕ್ಕೆ ಮುಂಚಿನ ಕ್ಷಣದ ಜಾಗ. ಅಲ್ಲಿ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ ಗೆರೆ ಇರಬೇಕು. ಹೊಡೆಯದೆ ಅಲೆ ಎಲ್ಲಿಂದ ಬಂದೀತು? ಆದರೆ ಅಲ್ಲಿ ದಪ್ಪ ದಪ್ಪ ಅಲೆಗಳು ಎದ್ದಿದ್ದವು.

"ಅಕ್ಕಾ, ನಿಲ್ಲು. ಮಾತು ಕೊಡಬೇಡ."

ಅಕ್ಕ ಹೊಸ್ತಿಲಲ್ಲೇ ತಿರುಗಿದಳು. ಡಾಕ್ಟರಮ್ಮ ಭಾವನ ಕಡೆ ನೋಡಿದಳು. ಆತ ಸುತ್ತಿಗೆಗೆ ಒರಗಿ ನಿಂತಿದ್ದ; ಅವನ ಹಿಮ್ಮಡಿ ಯಂತ್ರದ ಧಡಕ್ಕಿಗೆ ಸರಿಯಾಗಿ ಏಳುತ್ತಿತ್ತು, ಬೀಳುತ್ತಿತ್ತು. ಅವನಿಗದರ ಅರಿವೇ ಇಲ್ಲ.

"ಭಾವ, ನೀವು ಅಚ್ಚಿನ ಮಿಷನ್ ಜೊತೆ ಜುಗಲ್‌ಬಂದಿ ಮಾಡಿದೀರಿ."

"ನಾನೇನು ಮಾಡಿದೆ? ಹೊಡಿ ಅಂದ್ರಿ, ಹೊಡೆದೆ."

"ಅದರ ತಾಳಕ್ಕೇ ಹೊಡೆದಿದೀರಿ. ಸಾಯಬೇಕಾದ ಗದ್ದಲ ಪ್ರತಿ ಏಟಿಗೂ ಅದೇ ಹೊತ್ತಿಗೆ ಬಂದು ಕೂಡಿಕೊಂಡು ಕೊಬ್ಬಿದೆ. ಗೋಡೆ ಸಾಲಿನ ಪಕ್ಕದಲ್ಲೇ ಇದೆಯಲ್ಲ, ಅದರ ನಡುಕ ಎಲ್ಲ ಸೆನ್ಸರಿಗೂ ಒಟ್ಟಿಗೇ ತಾಗಿದೆ. ಅದನ್ನೇ ನಾನು ಬಂಡೆ ಅಂದೆ."

ಮತ್ತೆ ಶುರು. ತಾಳ ತಪ್ಪಿಸಿ ಹೊಡೆಯಬೇಕೆಂದಳು. ಭಾವ ಹಲ್ಲು ಕಚ್ಚಿ ಪ್ರಯತ್ನಿಸಿದ. ನಾಲ್ಕೇಟು ಹೊಡೆಯುವಷ್ಟರಲ್ಲಿ ಕೈ ತಾನಾಗಿ ಯಂತ್ರದ ಜಾಡು ಹಿಡಿಯಿತು.

"ಬೇಕಾಬಿಟ್ಟಿ ಹೊಡೀರಿ ಭಾವ."

"ಬೇಕಾಬಿಟ್ಟಿ ಹೊಡೆಯೋದು ನಂಗೆ ಯಾರೂ ಕಲಿಸಿಲ್ಲ ಡಾಕ್ಟರಮ್ಮ."

ಕೊನೆಗೆ ಏಟಿಗೆ ಹೊತ್ತು ಹೇಳಲು ಅಕ್ಕನನ್ನು ನಿಲ್ಲಿಸಿದರು. ಎರಡೂ ಕಿವಿಗೆ ಬೆರಳು ಚುಚ್ಚಿಕೊಂಡು, ಗೋಡೆಗೆ ಬೆನ್ನು ಮಾಡಿ, ಮನಸ್ಸಿಗೆ ಬಂದಾಗ "ಹೊಡೀರಿ" ಎನ್ನಬೇಕು. ಅವಳೆಂದಾಗ ಮಾತ್ರ ಅವನು ಹೊಡೆಯಬೇಕು. ಅಕ್ಕ ಒಮ್ಮೆ ಉಸಿರು ಬಿಡುವುದರೊಳಗೆ ಹೇಳುವಳು, ಒಮ್ಮೆ ಸುತ್ತಿಗೆ ಎತ್ತಿಸಿ ಸುಮ್ಮನೆ ಕಾಯಿಸುವಳು.

"ಮದುವೆಯಾದಾಗಿಂದ ನಾನು ಹೇಳಿದ ತಕ್ಷಣ ಇವರು ಕೆಲಸ ಮಾಡಿದ್ದು ಇವತ್ತೇ ಮೊದಲು" ಎಂದಳು.

"ಕೈ ಸೋತಿದೆ ಕಣೆ, ಬೇಗ ಹೇಳು."

ಈ ಸಲ ಎಡತುದಿ ತೊಳೆದಿಟ್ಟ ಹಾಗೆ ಚಪ್ಪಟೆಯಾಯಿತು. ಯಂತ್ರ ಹಾಗೇ ಓಡುತ್ತಿತ್ತು, ಆದರೆ ಗೆರೆಯಲ್ಲಿ ಅದರ ಸುಳಿವಿಲ್ಲ. ಏಟಿನ ಅಲೆ ಮಾತ್ರ ಉಳಿದಿತ್ತು, ಒಂದು ಸೆನ್ಸರಿನಿಂದ ಇನ್ನೊಂದಕ್ಕೆ ಕೆಸರಿನಲ್ಲಿ ನಡೆದವರಂತೆ ತಡವರಿಸಿಕೊಂಡು ಹೋಗಿತ್ತು. ಸಾಲನ್ನು ಸೈಟಿನ ಹಿಂಭಾಗಕ್ಕೆ ಬದಲಿಸಿ ಹೊಡೆಸಿದರೂ ಅದೇ ಕಥೆ.

"ಮೇಲಿನ ಪದರ ಬಿಟ್ಟರೆ ಎರಡಾಳುದ್ದ ಬರೀ ಸಡಿಲ. ಆಮೇಲೇ ಗಟ್ಟಿ ನೆಲ" ಎಂದಳು ಡಾಕ್ಟರಮ್ಮ.

ಅಕ್ಕನ ಮುಖ ಇಳಿದುಹೋಯಿತು. "ಆಗ ಬಂಡೆ ಅಂದೆ, ಈಗ ಸಡಿಲ ಅಂತೀಯ. ಸುಳ್ಳು ಹೇಳಿದ್ದು ಮಿಷನ್ನೋ ನೀನೋ?"

"ನಾನೇ. ಅದು ಕಂಡಿದ್ದನ್ನ ತೋರಿಸ್ತು, ತಪ್ಪಾಗಿ ಓದಿದ್ದು ನಾನು. ಈಗ ಸರಿಯಾಗಿ ಓದಿದೀನಿ. ಆಳ ಒಂದು ಮೊಳ ಹೆಚ್ಚುಕಡಿಮೆ ಆಗಬಹುದು. ಸಡಿಲ ಅನ್ನೋದರಲ್ಲಿ ಹೆಚ್ಚುಕಡಿಮೆ ಇಲ್ಲ."

ಯಜಮಾನರು ಕೈ ಒರೆಸಿಕೊಳ್ಳುತ್ತ ಬಂದರು. "ಈ ನೆಲದ ಮೇಲೆ ಪೇಪರಿನ ಲಾರಿ ನಿಲ್ಲಿಸ್ತೀವಿ ತಾಯಿ. ಕಲ್ಲಿನಂಥ ನೆಲ."

"ಮೇಲಿನದು ಹೌದು. ಭಾವ, ಹಾರೆ ತಗೊಳ್ಳಿ. ಎಲ್ಲಿ ಬೇಕೋ ಯಜಮಾನರೇ ತೋರಿಸ್ಲಿ."

ಅವರು ತೋರಿಸಿದಲ್ಲಿ ಭಾವ ಅಗೆದ. ಮೊದಮೊದಲು ಹಾರೆ ಕಿಡಿ ಹಾರಿಸಿತು. ಮೊಣಕಾಲುದ್ದ ಇಳಿದ ಮೇಲೆ ಬೆಣ್ಣೆಗೆ ಇಳಿದ ಹಾಗೆ ಇಳಿಯತೊಡಗಿತು. ಬೂದಿ ಬಂತು, ಒಡೆದ ಹೆಂಚು ಬಂತು, ಕೊಳೆತ ಕಾಗದದ ಮುದ್ದೆ ಬಂತು. ಡಾಕ್ಟರಮ್ಮ ಗುಂಡಿಯ ಹತ್ತಿರವೂ ಸುಳಿಯದೆ ಕೇಬಲ್ ಸುತ್ತುತ್ತ ಕೂತಿದ್ದಳು.

ಯಜಮಾನರು ಬೂದಿಯನ್ನು ಕಾಲಿನಲ್ಲಿ ಸರಿಸಿ ನೋಡಿದರು. "ನಮ್ಮಪ್ಪ ಇಲ್ಲೊಂದು ಹಳ್ಳ ಇತ್ತು ಅಂತಿದ್ರು. ಪೂರಾ ಮುಚ್ಚಿಹೋಗಿದೆ ಅಂದ್ಕೊಂಡಿದ್ದೆ."

"ಮುಚ್ಚಿದೆ. ಆದರೆ ಮೂರಂತಸ್ತು ಹೊರೋ ಹಾಗೆ ಮುಚ್ಚಿಲ್ಲ" ಎಂದಳು ಡಾಕ್ಟರಮ್ಮ.

ಅಕ್ಕ ಗುಂಡಿಯನ್ನೇ ನೋಡುತ್ತ ನಿಂತಳು. "ನಮಗೆ ಬೇಡ ಯಜಮಾನ್ರೇ" ಎಂದಳು.

"ನಿಮ್ಮಿಷ್ಟ. ಇನ್ನೊಬ್ಬರಿದಾರೆ" ಎಂದು ಅವರು ತಿರುಗಿದರು. ಭಾವ ಗುದ್ದಲಿಯಿಂದ ಗುಂಡಿಗೆ ಮಣ್ಣೆಳೆಯಲು ಬಗ್ಗಿದ.

"ಮುಚ್ಚಬೇಡಿ ಭಾವ" ಎಂದಳು ಡಾಕ್ಟರಮ್ಮ. "ಅವರೂ ಬಂದು ನೋಡ್ಲಿ. ಏನು ಕಟ್ಟಬಹುದು ಅಂತ ಬೇಕಾದ್ರೆ ನಾನೇ ಹೇಳ್ತೀನಿ."

ಯಜಮಾನರು ಒಳಗೆ ಹೋಗಿ ಎರಡು ಹಲಗೆ ಹೊರಿಸಿ ತಂದರು, ಯಾರೂ ಗುಂಡಿಗೆ ಬೀಳದಿರಲಿ ಎಂದು ಸುತ್ತ ಅಡ್ಡ ಕೊಟ್ಟರು.

ಅಕ್ಕ ಕಣ್ಣೊರೆಸಿಕೊಂಡು, "ಅಮ್ಮನಿಗೆ ಏನಂತ ಹೇಳ್ಲಿ?" ಎಂದಳು.

ಹೇಳುವ ಅಗತ್ಯ ಬೀಳಲಿಲ್ಲ. ಅಮ್ಮ ತಾನೇ ಎದ್ದು, ಕುರ್ಚಿ ಮಡಚಿ ವ್ಯಾನಿನ ಹತ್ತಿರ ನಿಂತಿದ್ದಳು. "ನೀರಿನ ಟ್ಯಾಂಕಿನ ಹಿಂದೆ ಒಂದು ಸೈಟಿದೆ ಅಂತ ಅವತ್ತು ಹೇಳಿದ್ಯಲ್ಲ ದೊಡ್ಡವಳೇ, ನಿಂಗೆ ಹಿಡಿಸಲಿಲ್ಲ. ಬಿಸಿಲಿನ್ನೂ ಇದೆ. ಹೋಗಿ ಅದಕ್ಕೂ ನಾಲ್ಕು ಹೊಡೆಸಿ."

ಅಕ್ಕ ಉಕ್ಕಿನ ತಟ್ಟೆಯ ಒಂದು ತುದಿ ಹಿಡಿದಳು. ತಂಗಿ ಇನ್ನೊಂದು ತುದಿ ಹಿಡಿದಳು.